ಸೀನೀರು ಕಟ್ಟೆಗೆ ತೆರೆದ ಬಾಗಿಲುಗಳು

1974ರಲ್ಲಿ ನಾನು ಮಳವಳ್ಳಿ ತಾಲ್ಲೂಕಿನಲ್ಲಿ ಸರ್ವೆಯರ್ ಆಗಿದ್ದೆ. ಅದಕ್ಕೆ ಮೊದಲು ಮದ್ದೂರಿನಲ್ಲಿದ್ದು, ಶಿಂಷಾ ದಂಡೆಯ ತೆಂಗಿನ ತೋಟಗಳಲ್ಲಿ ಅಣ್ಣತಮ್ಮಂದಿರ ಪಾಲು ಅಳೆದು, ಎರಡೂ ಕಡೆಯವರಿಂದ ಸಮಪಾಲು ಬೈಸಿಕೊಂಡು ಬಂದವನು. ಸರ್ವೆಯರ್ ಬಂದ ಅಂದರೆ ಮನೆ ಒಡೆಯಿತು ಅಂತಲೇ ಹಳ್ಳಿಗಳಲ್ಲಿ ಲೆಕ್ಕ. ಹೆಗಲ ಮೇಲೆ ಅಳತೆಯ ಸರಪಳಿ ಹೊತ್ತು ನಡೆದರೆ ಮುದುಕರು ಮುಖ ತಿರುಗಿಸುತ್ತಿದ್ದರು.

ಆ ವರ್ಷ ಬೇರೆ ಥರದ ಕೆಲಸ ಬಂತು. ಮನೆಯಿಲ್ಲದವರಿಗೆ ಸರ್ಕಾರದ ಜಾಗದಲ್ಲಿ ನಿವೇಶನ ಹಂಚಬೇಕಿತ್ತು. ಊರಿನ ಗೋಮಾಳದಲ್ಲಿ, ಅಂದರೆ ದನ ಮೇಯಲು ಬಿಟ್ಟ ಜಾಗದಲ್ಲಿ, ಒಂದು ಭಾಗ ಆರಿಸಿ ಲೇಔಟ್ ಹಾಕುವುದು. ಬೀದಿ ಎಲ್ಲಿ, ಚರಂಡಿ ಎಲ್ಲಿ, ಯಾರ ಸೈಟು ಎಲ್ಲಿ ಎಂದು ಗೂಟ ಹೊಡೆದು ತೋರಿಸುವುದು. ನನ್ನ ಸರಪಳಿಯನ್ನು ಕಂಡು ಜನ ನಕ್ಕು ಎದುರುಗೊಂಡದ್ದು ನೌಕರಿಯಲ್ಲಿ ಅದೇ ಮೊದಲು. ಹಾಗಾಗಿ ಆ ಕೆಲಸದ ಮೇಲೆ ನನಗೆ ಸ್ವಲ್ಪ ಹೆಚ್ಚೇ ಪ್ರೀತಿ ಹುಟ್ಟಿತು.

ಕಿರುಗಾವಲಿನ ಕಡೆ ಹೋಗುವ ಬಸ್ಸಿಳಿದು, ಕಬ್ಬಿನ ಗದ್ದೆಗಳ ನಡುವೆ ಒಂದಿಷ್ಟು ದೂರ ನಡೆದರೆ ಸಿಗುವ ಊರು ಅದು. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಓದಿದರೆ ಎರಡನೆಯ ಸಾಲಿಗೇ ಗುರುತು ಹಿಡಿಯುತ್ತಾರೆ. ಊರಿನ ಬಾವಿಗಳೆಲ್ಲ ಸವುಳು. ಆ ನೀರಲ್ಲಿ ಬೇಳೆ ಹಾಕಿದರೆ ಸೌದೆ ಮುಗಿಯುತ್ತಿತ್ತೇ ಹೊರತು ಬೇಳೆ ಬೇಯುತ್ತಿರಲಿಲ್ಲ. ಕುಡಿಯುವುದಕ್ಕೆ, ಅಡುಗೆಗೆ ಇದ್ದದ್ದು ಒಂದೇ, ಸೀನೀರು ಕಟ್ಟೆ. ಸುತ್ತ ಹೊಂಗೆ ಮರ, ಕಲ್ಲಿನ ಮೆಟ್ಟಿಲು, ತಿಳಿಯಾದ ನೀರು. ಅದರಲ್ಲಿ ಬಟ್ಟೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ, ಮೆಟ್ಟು ಹಾಕಿಕೊಂಡು ಮೆಟ್ಟಿಲ ಹತ್ತಿರ ಹೋಗುವಂತಿಲ್ಲ. ಯಾರು ಯಾವ ಮೆಟ್ಟಿಲಲ್ಲಿ ಇಳಿಯಬೇಕು ಅನ್ನುವ ಹಳೆಯ ಕಟ್ಟಳೆಯೂ ಒಂದಿತ್ತು. ಅದು ಆ ಹೊತ್ತಿಗೆ ಸವೆಯುತ್ತ ಬಂದಿತ್ತು, ಪೂರಾ ಸವೆದಿರಲಿಲ್ಲ.

ಕಟ್ಟೆಯ ಬಡಗಣ ದಂಡೆಯಿಂದ ನೆಲ ಮೆಲ್ಲಗೆ ಏರುತ್ತ ಹೋಗುತ್ತದೆ. ಆ ಇಳಿಜಾರೇ ಗೋಮಾಳ. ಅದರ ನೆತ್ತಿಯಲ್ಲಿ ನಿಂತು ತೆಂಕಣಕ್ಕೆ ನೋಡಿದರೆ ಮೊದಲು ಕಟ್ಟೆ, ಅದರಾಚೆ ಏರಿ, ಏರಿಯ ಕೆಳಗೆ ಬಾಳೆತೋಟ, ಗದ್ದೆ. ಎಲ್ಲಕ್ಕೂ ಆಚೆ, ಮೋಡವಿಲ್ಲದ ದಿನ, ಬಿಳಿಗಿರಿ ಬೆಟ್ಟಸಾಲಿನ ನೀಲಿ ಗೆರೆ. ನಾನು ಮೊದಲ ದಿನ ಸರಪಳಿ ಕೆಳಗಿಟ್ಟು ಸುಮ್ಮನೆ ನೋಡುತ್ತ ನಿಂತುಬಿಟ್ಟೆ.

"ಏನ್ ಸ್ವಾಮಿ, ಅಳೆಯಕ್ಕೆ ಬಂದ್ರೋ, ನೋಡಕ್ಕೆ ಬಂದ್ರೋ?" ಅಂತ ಬೆನ್ನ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿತು.

ಅವಳು ನಿಂಗಮ್ಮ. ಐವತ್ತರ ಆಸುಪಾಸು. ಕೂಲಿ ಮಾಡುವವಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗ, ಸೊಸೆ ಸಾಕಮ್ಮನ ಜೊತೆ ಒಬ್ಬರ ಕೊಟ್ಟಿಗೆಯ ಅರ್ಧದಲ್ಲಿ ಸಂಸಾರ. ಇನ್ನರ್ಧದಲ್ಲಿ ಕೊಟ್ಟಿಗೆ ಯಜಮಾನರ ಎಮ್ಮೆ. ಸಾಕಮ್ಮ ಬಸುರಿ.

"ಮಗ ಉಟ್ಟೋ ಒತ್ಗೆ ಒಂದ್ ಬಾಗ್ಲಾದ್ರೂ ಆಗ್ಬೇಕು ಸ್ವಾಮಿ," ಅಂದಳು. "ಗೋಡೆ ಆಮ್ಯಾಕೆ ಎಬ್ಬುಸ್ಕೋತೀವಿ."

ಕಚೇರಿಯಿಂದ ಮಂಜೂರಾಗಿ ಬಂದ ನಕ್ಷೆ ನನ್ನ ಕೈಯಲ್ಲಿತ್ತು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಸೈಟುಗಳು, ಎರಡು ಸಾಲು. ನಕ್ಷೆ ಬರೆದವರು ಜನರ ಮನಸ್ಸು ತಿಳಿದವರು: ಎರಡು ಸಾಲಿನ ಮನೆಗಳಿಗೂ ಬಾಗಿಲು ಬಡಗಣಕ್ಕೆ ಬರುವಂತೆ ಬೀದಿಗಳನ್ನು ಎಳೆದಿದ್ದರು. ತೆಂಕಣ ಯಮನ ದಿಕ್ಕು. ಆ ಕಡೆ ಬಾಗಿಲಿಟ್ಟ ಮನೆಗೆ ನಮ್ಮ ಸೀಮೆಯಲ್ಲಿ ಬಾಡಿಗೆಗೂ ಜನ ಬರುತ್ತಿರಲಿಲ್ಲ. ಕೆಳಗಿನ ಸಾಲಿನ ಹಿತ್ತಿಲು ಕಟ್ಟೆಯ ದಂಡೆಗೇ ಮುಟ್ಟುತ್ತಿತ್ತು. ಕಾಗದದ ಮೇಲೆ ಅದೊಂದು ನೀಲಿ ಗೆರೆ, ಅಷ್ಟೆ.

ಸಂಜೆಯ ಹೊತ್ತಿಗೆ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ಸುಣ್ಣದ ಪುಡಿ ಚೆಲ್ಲಿ ಗೆರೆ ಹಾಕಿದೆವು. ಅದು ಆಗಿನ ಪದ್ಧತಿ. ಗೂಟ ಯಾರಿಗೂ ಕಾಣುವುದಿಲ್ಲ, ಬಿಳಿ ಗೆರೆ ಎಲ್ಲರಿಗೂ ಕಾಣುತ್ತದೆ. ಮನೆಯಿಲ್ಲದವರೆಲ್ಲ ಬಂದು ಒಂದೊಂದು ಚೌಕದೊಳಗೆ ನಿಂತು ನೋಡಿದರು. ಒಬ್ಬ, ಯಾರ ಪಾಲಿಗೆಂದು ಇನ್ನೂ ಗೊತ್ತಾಗದ ಚೌಕದಲ್ಲಿ, ಮಲಗಿಯೇ ನೋಡಿದ. ನಾನು ಕೊನೆಯ ಬಸ್ಸಿಗೆ ಮಳವಳ್ಳಿಗೆ ಹೊರಟೆ. ದಾರಿಯಲ್ಲಿ ಭರಣಿ ಮಳೆ ಹಿಡಿಯಿತು. ಒಳ್ಳೆಯ ಮಳೆ, ರೈತರು ಕಾದಿದ್ದ ಮಳೆ.

ಮಾರನೆಯ ಬೆಳಿಗ್ಗೆ ಹೋದರೆ ಕಟ್ಟೆಯ ಹತ್ತಿರ ಊರೇ ನೆರೆದಿತ್ತು. ಹೆಂಗಸರು ಖಾಲಿ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ನಿಂತಿದ್ದರು. ಇಳಿಜಾರಿನ ಮೇಲಿನ ನನ್ನ ಬಿಳಿ ಗೆರೆಗಳು ಅರ್ಧಕ್ಕರ್ಧ ಮಾಯ. ಕಟ್ಟೆಯ ಬಡಗಣ ಅಂಚಿನ ನೀರು ಮಾತ್ರ ಅಕ್ಕಿ ತೊಳೆದ ಕಲಗಚ್ಚಿನ ಹಾಗೆ ಬೆಳ್ಳಗಾಗಿತ್ತು.

ಪಂಚಾಯ್ತಿ ಚೇರ್ಮನ್ ಬೋರೇಗೌಡರು ಮೆಟ್ಟಿಲ ಮೇಲೆ ನಿಂತಿದ್ದರು. ದೊಡ್ಡ ಹಿಡುವಳಿಯ ಮನೆತನ, ದನಿಯೂ ದೊಡ್ಡದು.

"ನೋಡಿ ಸರ್ವೇರೆ," ಅಂದರು, "ಮನೆ ಕಟ್ಟಕ್ ಮುಂಚೇನೇ ನಿಮ್ ಲೇಔಟು ನಮ್ ನೀರ್ಗೆ ಇಳೀತು."

ಸುಣ್ಣ ನಾಲ್ಕು ದಿನದಲ್ಲಿ ತಳ ಸೇರುತ್ತದೆ, ಯಾರಿಗೂ ಏನೂ ಆಗುವುದಿಲ್ಲ ಅಂದೆ. ಅದು ನಿಜ. ಆದರೆ ಅದು ಅವರು ಕೇಳಿದ್ದಕ್ಕೆ ಉತ್ತರವಲ್ಲ ಅನ್ನುವುದು ನನಗೂ ಗೊತ್ತಿತ್ತು.

"ಬಾಣಂತೀರು ಗಂಗೆ ಪೂಜೆ ಮಾಡೋ ನೀರು ಕಣಪ್ಪ ಇದು," ಅಂದರು ಗೌಡರು, ದನಿ ಇಳಿಸಿ. ಆ ಇಳಿದ ದನಿಯಲ್ಲಿ ಕೋಪಕ್ಕಿಂತ ಹೆದರಿಕೆ ಹೆಚ್ಚಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಈ ಜನ ಎಲ್ಲಾ ಬಂದ್ ಇಲ್ ಕೂತ್ರೆ ನೀರ್ ಕೆಟ್ಟಂಗೆಯ ಬುಡಿ," ಅಂದರು.

ಅದಕ್ಕೆ ಮಾತ್ರ ನನಗೆ ಉತ್ತರ ಬಂತು. "ಜನದಿಂದ ಕೆಡೋದಿಲ್ಲ, ಬಚ್ಚಲಿಂದ ಕೆಡುತ್ತೆ. ಇಲ್ಲಿ ನಿಮ್ಮ ಬಚ್ಚಲಿದ್ದಿದ್ದರೂ ಹೀಗೇ ಕೆಡ್ತಿತ್ತು," ಅಂದೆ. ಗೌಡರು ಹೇಳಿದವನ ಕಡೆ ತಿರುಗಿ ನೋಡಿದರು. ಅವನು ಗುಂಪಿನೊಳಗೆ ಸರಿದ.

ಆದರೂ ಲೇಔಟ್ ಬೇಡವೆಂದು ತಾಲ್ಲೂಕು ಕಚೇರಿಗೆ ಅರ್ಜಿ ಹೋಯಿತು. ತಹಸೀಲ್ದಾರರು ಕೆಟ್ಟವರಲ್ಲ, ಅವಸರದವರು. ಚೀಟಿ ಎತ್ತಿ ಸೈಟು ಹಂಚುವ ದಿನ ಗೊತ್ತಾಗಿತ್ತು. "ಅಷ್ಟರಲ್ಲಿ ಊರವರು ಒಪ್ಪುವ ನಕ್ಷೆ ತನ್ನಿ. ಇಲ್ಲದಿದ್ದರೆ ನಾಲೆಯ ಕೆಳಗೆ ಸರ್ಕಾರಿ ಜಮೀನಿದೆಯಲ್ಲ, ಎಲ್ಲರನ್ನೂ ಅಲ್ಲಿಗೆ ಹಾಕಿಬಿಡೋಣ," ಅಂದರು.

ನಾಲೆಯ ಕೆಳಗಿನ ಆ ಜಮೀನನ್ನು ನೋಡಲು ಹೋದಾಗ ನಿಂಗಮ್ಮ ನನಗಿಂತ ಮೊದಲೇ ಅಲ್ಲಿದ್ದಳು. ಬಿಸಿಲಿಗೆ ನೆಲದ ಮೇಲೆ ಉಪ್ಪು ಹೂವಿನ ಹಾಗೆ ಅರಳಿತ್ತು.

"ಇಲ್ ಮಣ್ ಗೋಡೆ ನಿಲ್ಲಕಿಲ್ಲ ಸ್ವಾಮಿ," ಅಂದಳು. "ಸವುಳು ಬುಡದಿಂದ ತಿಂದ್ಕೊಂಡ್ ಬತ್ತದೆ. ಎಲ್ಡ್ ಮಳೆಗಾಲಕ್ಕೆ ತಲೆ ಮ್ಯಾಲೇ ಬೀಳ್ತದೆ. ಬೀಳೋ ಮನೆಗೆ ಬಸುರಿ ಎಂಗ್ ಕರ್ಕೊಂಡ್ ಬರ್ಲಿ?" ಆಮೇಲೆ ಅಂದಳು: "ಆದ್ರೆ ಗೌಡ್ರು ಏಳೋದೂ ಸುಳ್ಳಲ್ಲ. ಆ ನೀರೇ ತಾನೆ ನಾವೂ ಕುಡ್ಯೋದು."

ಕಟ್ಟೆ ಉಳಿಯಬೇಕು, ಇವರಿಗೆ ಆ ಇಳಿಜಾರಿನಲ್ಲೇ ನೆಲ ಸಿಗಬೇಕು. ಎರಡರಲ್ಲಿ ಒಂದನ್ನು ಬಿಡಿ ಅಂತ ಹೇಳುವುದು ಸುಲಭ. ಹೇಳುವವರಿಗೆ ಮನೆಯೂ ಇರುತ್ತದೆ, ನಲ್ಲಿಯೂ ಇರುತ್ತದೆ.

ನಾನು ಡಂಪಿ ಲೆವೆಲ್ ಎರವಲು ತಂದೆ. ಅದು ಮೂರು ಕಾಲಿನ ಮೇಲೆ ನಿಲ್ಲಿಸುವ ದುರ್ಬೀನು. ನೆಲದ ಉಬ್ಬುತಗ್ಗು ಅದರಲ್ಲಿ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ ಸಹಾಯಕ್ಕೆ ಬಂದದ್ದು ಮಳೆ ಕೊಚ್ಚಿಕೊಂಡು ಹೋದ ಸುಣ್ಣವೇ. ನೀರು ಎಲ್ಲಿ ಹರಿಯಿತು, ಎಲ್ಲಿ ತಿರುಗಿತು ಅಂತ ಹುಲ್ಲಿನ ಬುಡದಲ್ಲಿ ಬಿಳಿ ಬಿಳಿಯಾಗಿ ಬರೆದಿಟ್ಟ ಹಾಗಿತ್ತು. ಕಟ್ಟೆ ತುಂಬುವುದು ಮೂಡಣ ಕುರುಚಲು ಕಾಡಿನಿಂದ ಬರುವ ಹಳ್ಳದಿಂದ. ಇಳಿಜಾರಿನ ನೀರನ್ನು ಪಡುವಣಕ್ಕೆ ತಿರುಗಿಸಿದರೆ ಕಟ್ಟೆ ಬತ್ತುವುದಿಲ್ಲ. ಅಷ್ಟು ಖಾತ್ರಿಯಾಯಿತು. ಆದರೆ ಎಲ್ಲ ಹಿತ್ತಿಲೂ ಕಟ್ಟೆಯ ಕಡೆಗೇ ಇದ್ದರೆ ಎಷ್ಟು ಚರಂಡಿ ತೋಡಿದರೂ ಕಸ ತಪ್ಪುವುದಿಲ್ಲವಲ್ಲ?

ಇದನ್ನೇ ತಲೆಯಲ್ಲಿಟ್ಟುಕೊಂಡು ಒಂದು ಬೆಳಿಗ್ಗೆ ಊರೊಳಗಿನ ಬೀದಿಯಲ್ಲಿ ಬರುತ್ತಿದ್ದೆ. ಪ್ರತಿ ಬಾಗಿಲ ಮುಂದೆಯೂ ಸಗಣಿ ನೀರು ಚಿಮುಕಿಸಿ, ಸಾರಿಸಿ, ರಂಗೋಲಿ ಬಿಟ್ಟಿದ್ದರು. ಬಡವರ ಮನೆ, ಸಾಹುಕಾರರ ಮನೆ ಅಂತ ಭೇದವಿರಲಿಲ್ಲ. ಹತ್ತಿರದ ದಾರಿ ಅಂತ ಹಿತ್ತಿಲ ಓಣಿಗೆ ತಿರುಗಿದೆ. ಅಲ್ಲಿ ತಿಪ್ಪೆ, ಬಚ್ಚಲ ಕೊಚ್ಚೆ, ಬೂದಿಗುಡ್ಡೆ. ಪಂಚೆ ಎತ್ತಿಕೊಂಡು ಹಾರುತ್ತ ಹಾರುತ್ತ ದಾಟಬೇಕಾಯಿತು. ಅದೇ ಮನೆ, ಅದೇ ಜನ. ಓಣಿಯ ಕೊನೆ ಮುಟ್ಟುವ ಹೊತ್ತಿಗೆ ನಕ್ಷೆ ತಲೆಯಲ್ಲಿ ತಿರುಗಿ ನಿಂತಿತ್ತು.

ಎರಡು ಸಾಲನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುವುದು. ಮೇಲಿನ ಸಾಲಿನ ಬಾಗಿಲು ಬಡಗಣಕ್ಕೆ, ಕೆಳಗಿನ ಸಾಲಿನದು ತೆಂಕಣಕ್ಕೆ, ಕಟ್ಟೆಯ ಕಡೆಗೆ. ಎರಡು ಹಿತ್ತಿಲುಗಳ ನಡುವೆ ಆಳವಾದ ಒಂದೇ ಚರಂಡಿ, ಪಡುವಣಕ್ಕೆ ವಾಟ, ಅಂದರೆ ನೀರು ಹರಿಯುವಷ್ಟು ಇಳಿಜಾರು, ಕೊಟ್ಟು. ಕೆಳಗಿನ ಬೀದಿಗೂ ನೀರಿಗೂ ನಡುವೆ ಮೂರು ಸರಪಳಿ, ಅಂದರೆ ಸುಮಾರು ನೂರು ಅಡಿ ಜಾಗ ಹುಲ್ಲು ಮರಗಳಿಗೇ ಮೀಸಲು. ಅಲ್ಲಿ ಯಾರೂ ಒಂದು ಗುಡಿಸಲೂ ಹಾಕುವಂತಿಲ್ಲ. ಒಂದು ಸೈಟೂ ಕಡಿಮೆಯಾಗುವುದಿಲ್ಲ. ಎಲ್ಲವೂ ಇಳಿಜಾರಿನಲ್ಲಿ ಇನ್ನಷ್ಟು ಮೇಲಕ್ಕೆ ಸರಿಯುತ್ತವೆ.

ಚರಂಡಿ ಕೊನೆಗೆ ಎಲ್ಲಾದರೂ ಬೀಳಬೇಕಲ್ಲ. ಲೆವೆಲ್ ಹಿಡಿದುಕೊಂಡು ಹೋದರೆ ಅದು ಕಟ್ಟೆಯನ್ನು ಬಳಸಿ, ಏರಿಯ ಕೆಳಗೆ ನೇರವಾಗಿ ಬೋರೇಗೌಡರ ಬಾಳೆತೋಟಕ್ಕೆ ಬಂದು ನಿಂತಿತು. ಅವರ ಮನೆಯ ಜಗಲಿಯ ಮೇಲೆ ಕುಳಿತು ಮಾತು ತೆಗೆದೆ.

"ಓಹೋ! ಸೈಟು ಅವ್ರಿಗೆ, ಬಚ್ಚಲ್ ನೀರು ನಂಗೆ. ಚೆನ್ನಾಗಿ ಪಾಲ್ ಮಾಡ್ದ್ರಿ ಕಣ್ರೀ!" ಅಂತ ಗೌಡರು ಎದ್ದೇ ನಿಂತರು.

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಸುಮ್ಕೆ ಕೂತ್ಕೊಳಿ ಅತ್ಲಾಗೆ. ನಮ್ ಬಚ್ಚಲ್ ನೀರು ಇಷ್ಟ್ ವರ್ಸ ಎಲ್ಲಿಗ್ ಓಗ್ತಿತ್ತು? ಆ ಬಾಳೆ ಅಣ್ಣನ್ನೇ ಅಲ್ವಾ ನೀವು ದ್ಯಾವ್ರ್ ಮುಂದೆ ಇಡೋದು?"

ಗೌಡರು ಕುಳಿತರು. ನಕ್ಷೆಯನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದರು. "ಕೆಳಗ್ಲು ಸಾಲ್ನೋರು ಯಾರೂ ಕಟ್ಟೆಗೆ ಬೆನ್ನು ತೋರ್ಸಕಿಲ್ಲ ಅಲ್ವಾ?" ಅಂತ ಕೇಳಿದರು. ಇಲ್ಲ ಅಂದೆ. "ಅಂಗಾದ್ರೆ ಚರಂಡಿ ಬರ್ಲಿ. ಆದ್ರೆ ತೆಂಕ್ಲು ಬಾಗ್ಲು ಯಾವನ್ ತಗೋತಾನೆ, ಅದು ಏಳಿ," ಅಂದರು.

ಅದೇ ಪ್ರಶ್ನೆ. ಊರಿನ ಜೋಯಿಸರನ್ನು ಕೇಳಿದೆ. ಮೃದು ಮಾತಿನ ಹಿರಿಯರು. "ಶಾಸ್ತ್ರ ಒಪ್ಪುವುದಿಲ್ಲ ಸ್ವಾಮಿ, ನಾನೇನು ಮಾಡಲಿ?" ಅಂದರು. ಬಾಗಿಲನ್ನು ಪಕ್ಕಕ್ಕೆ ತಿರುಗಿಸೋಣವೆಂದರೆ ಸೈಟಿಗೆ ಸೈಟು ಅಂಟಿಕೊಂಡಿತ್ತು. ಗೌಡರು ಒಪ್ಪಿದ ಹೊಸ ನಕ್ಷೆಯನ್ನೇ ತಹಸೀಲ್ದಾರರಿಗೆ ಕೊಟ್ಟೆ, ಬಾಗಿಲಿನ ಪ್ರಶ್ನೆ ಹಾಗೆಯೇ ಉಳಿದು ಚೀಟಿ ಎತ್ತುವ ದಿನ ಬಂದುಬಿಟ್ಟಿತು.

ಹೊಂಗೆ ಮರದ ಕೆಳಗೆ ಮೇಜು ಹಾಕಿ ತಹಸೀಲ್ದಾರರು ಕುಳಿತರು. ಮೊದಲು ಎತ್ತಿದವನಿಗೆ ಕೆಳಗಿನ ಸಾಲು ಬಂತು. ಅವನು ಚೀಟಿಯನ್ನು ಮುಟ್ಟಬಾರದ್ದನ್ನು ಮುಟ್ಟಿದವನ ಹಾಗೆ ಮೇಜಿನ ಮೇಲಿಟ್ಟು, "ನಂಗ್ ಬ್ಯಾಡಿ ಬುದ್ಧೀ, ಮಕ್ಳೊಂದಿಗ," ಅಂತ ಹಿಂದೆ ಸರಿದ. ಎರಡನೆಯವನೂ ಹಾಗೇ ಮಾಡಿದ. ಗುಂಪಿನಲ್ಲಿ ಗುಸುಗುಸು ಎದ್ದಿತು. ತಹಸೀಲ್ದಾರರು ನನ್ನ ಕಡೆ ನೋಡಿದರು. "ಇದು ಆಗುವ ಮಾತಲ್ಲ ಕಣ್ರೀ. ನಾಲೆ ಕೆಳಗಿನದೇ ಗತಿ," ಅಂತ ಕಾಗದ ಮಡಿಸತೊಡಗಿದರು.

ನಿಂಗಮ್ಮನ ಹೆಸರು ಮುಂದಿನದಾಗಿತ್ತು. "ಒಸಿ ತಡೀರಿ ಬುದ್ಧಿ, ನಂದೂ ಒಂದು ಎತ್ತುಬುಡ್ತೀನಿ," ಅಂತ ಬಂದಳು. ಎತ್ತಿದಳು. ನಾನೇ ಓದಿದೆ. ಮೇಲಿನ ಸಾಲು, ಬಡಗಣ ಬಾಗಿಲು. ಎಲ್ಲರೂ ಬೇಡಿಕೊಳ್ಳುತ್ತಿದ್ದ ಚೀಟಿ.

ಅವಳು ಅದನ್ನು ಕೈಯಲ್ಲಿ ಹಿಡಿದು ಇಳಿಜಾರನ್ನೊಮ್ಮೆ, ಕಟ್ಟೆಯನ್ನೊಮ್ಮೆ ನೋಡಿದಳು. ಆಮೇಲೆ ಮೊದಲು ಬೇಡವೆಂದವನನ್ನು ಕರೆದಳು. "ಲೋ ಮಾದ, ಬಾ ಇಲ್ಲಿ. ಇದು ನೀ ಮಡಿಕ್ಕೊ. ನಿಂದು ನಂಗ್ ಕೊಡು."

"ನಿಂಗಮ್ಮತ್ತೆ, ಯಮ ನೆಟ್ಗೆ ಒಳೀಕೇ ಬತ್ತಾನೆ ಕಣೆ!" ಅಂತ ಯಾರೋ ಕೂಗಿದರು.

"ಬರ್ಲಿ ಬುಡ್ಲಾ. ದಾರೀಲಿ ಕಟ್ಟೆ ಐತಲ್ಲ, ನೀರ್ ಕುಡ್ಕೊಂಡು, ಮರದಡಿ ಸುದಾರ್ಸ್ಕೊಂಡು, ನಿಧಾನ್ಕೆ ಬತ್ತಾನೆ. ಅಷ್ಟ್ರಲ್ಲಿ ನನ್ ಮೊಮ್ಮಗ ಮದ್ವೆಗ್ ಬಂದಿರ್ತಾನೆ."

ಗುಂಪೆಲ್ಲ ನಕ್ಕಿತು. ತಹಸೀಲ್ದಾರರೂ ನಕ್ಕರು. ನಿಂಗಮ್ಮ ನಗಲಿಲ್ಲ. ಸೊಸೆಯ ಕಡೆ ನೋಡಿ, ಈ ಸಲ ಮೆಲ್ಲಗೆ ಅಂದಳು: "ಇಷ್ಟ್ ದಿನ ಬಾಗ್ಲಲ್ ಕೂತ್ರೆ ಎಮ್ಮೆ ಬೆನ್ನು ಕಾಣ್ತಿತ್ತು. ಬಾಣಂತಿ ಕಣ್ಗೆ ನೀರ್ ಕಾಣ್ಲಿ, ಬೆಟ್ಟ ಕಾಣ್ಲಿ. ಅದ್ಕಿಂತ ಒಳ್ಳೇ ದಿಕ್ಕು ಯಾವ್ದ್ ಸ್ವಾಮಿ?"

ಆಗ ಮರದ ಆಚೆ ಬದಿಯಲ್ಲಿ ನಿಂತಿದ್ದ ಜೋಯಿಸರು ಗಂಟಲು ಸರಿಮಾಡಿಕೊಂಡರು. "ಎದುರಿಗೆ ಗಂಗೆ ಇದ್ದರೆ ದಿಕ್ಕಿನ ದೋಷ ಅಷ್ಟಾಗಿ ತಟ್ಟುವುದಿಲ್ಲ," ಅಂದರು. ಅದು ಶಾಸ್ತ್ರದಲ್ಲಿತ್ತೋ, ಆ ಗಳಿಗೆಯಲ್ಲಿ ಅವರ ಮನಸ್ಸಿನಲ್ಲಿ ಹುಟ್ಟಿತೋ, ನಾನು ಎಂದೂ ಕೇಳಲಿಲ್ಲ. ಎರಡನೆಯವನು ಮೇಜಿನ ಹತ್ತಿರ ಬಂದು ತನ್ನ ಚೀಟಿಯನ್ನು ತಾನೇ ಎತ್ತಿಕೊಂಡ. ಮಧ್ಯಾಹ್ನದ ಹೊತ್ತಿಗೆ ಎರಡು ಸಾಲೂ ತುಂಬಿದವು.

ಚರಂಡಿಯನ್ನು ಅವರವರೇ ತೋಡಿಕೊಂಡರು. ವಾಟ ನೋಡಲು ನಾನು ಆಗಾಗ ಹೋಗುತ್ತಿದ್ದೆ. ಮಳೆಗಾಲ ಕಳೆದ ಮೇಲೆ ಒಂದು ದಿನ ಹೋದಾಗ ಕಂಡ ನೋಟವನ್ನು ಹೇಗೆ ಹೇಳಲಿ. ನಮ್ಮ ಕಡೆ ಮನೆ ಕಟ್ಟುವಾಗ ಗೋಡೆಗಿಂತ ಮೊದಲು ಬಾಗಿಲವಾಡವನ್ನು, ಅಂದರೆ ಬಾಗಿಲಿನ ಚೌಕಟ್ಟನ್ನು, ಪೂಜೆ ಮಾಡಿ ನಿಲ್ಲಿಸುತ್ತಾರೆ. ಕೆಳಗಿನ ಸಾಲಿನ ಉದ್ದಕ್ಕೂ ಗೋಡೆಯಿಲ್ಲದ ಬಾಗಿಲವಾಡಗಳು ನಿಂತಿದ್ದವು. ಅರಿಶಿನ ಹಚ್ಚಿ, ಮಾವಿನ ಸೊಪ್ಪು ಕಟ್ಟಿದ್ದರು. ಹಿಂದಿನಿಂದ ನೋಡಿದರೆ ಒಂದೊಂದರೊಳಗೂ ಒಂದೊಂದು ತುಂಡು ಕಟ್ಟೆ, ಒಂದೊಂದು ತುಂಡು ಬೆಟ್ಟ. ಪ್ರತಿ ಚೌಕಟ್ಟಿನ ಮುಂದೆಯೂ ಆಗಲೇ ನೆಲ ಸಾರಿಸಿ ರಂಗೋಲಿ ಬಿಟ್ಟಿದ್ದರು. ಅಲ್ಲಿಂದ ನೀರಿನವರೆಗೆ ಹುಲ್ಲಿನಲ್ಲಿ ಒಂದು ಹಿಡಿ ಕಸವಿರಲಿಲ್ಲ. ಕಟ್ಟೆಯ ನೀರಲ್ಲಿ ಮೆಟ್ಟಿಲ ತಳದ ಕಲ್ಲು ಕಾಣುತ್ತಿತ್ತು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಜನ ಮುಖ ಮಾಡಿದ ಕಡೆಯನ್ನು ತಾವಾಗಿಯೇ ಕಾಪಾಡುತ್ತಾರೆ. ಬೆನ್ನು ಮಾಡಿದ ಕಡೆಗೆ ಎಷ್ಟು ಕಾನೂನು ಬರೆದರೂ ತಿಪ್ಪೆ ಬೆಳೆಯುತ್ತದೆ. ಆಮೇಲೆ ನಿವೃತ್ತಿಯವರೆಗೂ ಕೆರೆ, ಹೊಳೆ, ನಾಲೆ ಯಾವುದರ ಪಕ್ಕ ಲೇಔಟ್ ಬಂದರೂ ನಾನು ಮೊದಲು ಕೇಳಿದ ಪ್ರಶ್ನೆ, ಬಾಗಿಲು ಯಾವ ಕಡೆ ಅಂತ. ಕೆಲವೆಡೆ ನನ್ನ ಮಾತು ನಡೆಯಿತು, ಕೆಲವೆಡೆ ನಡೆಯಲಿಲ್ಲ.

ಅವತ್ತು ಚರಂಡಿಯ ಕಡೆಯಿಂದ ಬಂದವನು ನೇರವಾಗಿ ನಿಂಗಮ್ಮನ ಸೈಟಿನೊಳಕ್ಕೆ ಕಾಲಿಟ್ಟೆ. ಸಾಕಮ್ಮ ಬಾಗಿಲವಾಡಕ್ಕೆ ಒರಗಿ, ಮಡಿಲಲ್ಲಿ ಕೂಸನ್ನಿಟ್ಟುಕೊಂಡು, ಕಟ್ಟೆಯ ಕಡೆ ನೋಡುತ್ತ ಕುಳಿತಿದ್ದಳು. ಮಣ್ಣು ಕಲಸುತ್ತಿದ್ದ ನಿಂಗಮ್ಮ ತಲೆಯೆತ್ತಿದವಳೇ ಗದರಿದಳು.

"ಸ್ವಾಮಿ! ಗೋಡೆ ಇಲ್ಲ ಅಂತ ಎತ್ಲಿಂದ್ಲಾದ್ರೂ ನುಗ್ತೀರಾ? ಬಾಗ್ಲಲ್ ಬನ್ನಿ."

ನಾನು ಹಿಂದಕ್ಕೆ ಹೋಗಿ, ಸೈಟನ್ನು ಪೂರ್ತಿ ಬಳಸಿಕೊಂಡು ಕಟ್ಟೆಯ ಕಡೆಗೆ ಬಂದೆ. ಮೆಟ್ಟು ಬಿಟ್ಟೆ. ತಲೆ ತಗ್ಗಿಸಿ ಆ ಚೌಕಟ್ಟಿನ ಮೂಲಕ ಒಳಗೆ ಹೋದೆ. ಸಾಕಮ್ಮ ಕೂಸನ್ನು ಎತ್ತಿಕೊಂಡು ದಾರಿ ಬಿಟ್ಟಳು. ನಿಂಗಮ್ಮ ಕೈ ಒರೆಸಿಕೊಂಡು, ಮನೆಗೆ ಬಂದವರಿಗೆ ಹಾಸುವ ಹಾಗೆ, ಬರಿ ನೆಲದ ಮೇಲೆ ಚಾಪೆ ಹಾಸಿದಳು.